ಸೆರಗಿಗೆ ನಾಲ್ಕೇ ಗಂಟು

ಮೂರು ವರ್ಷದ ಹಿಂದೆ ಚರ್ಚಿನ ಕಮಿಟಿ ಮೀಟಿಂಗ್‌ನಲ್ಲಿ ನಮ್ಮ ಖಜಾಂಚಿ ನನ್ನ ಪ್ರಾರ್ಥನೆಯ ನೋಟ್‌ಬುಕ್ ಎತ್ತಿ ಹಿಡಿದು, "ಇದೇನ್ರಿ, ಪ್ರಾರ್ಥನೆನೋ, ಎಲ್‌ಐಸಿ ಏಜೆಂಟರ ಡೈರಿನೋ?" ಅಂತ ಕೇಳಿದ್ದರು. ಎಲ್ಲರೂ ನಕ್ಕರು. ಈಗ ಅದೇ ಖಜಾಂಚಿಯ ಹೆಸರಿಗೂ ಅದರಲ್ಲಿ ಒಂದು ಪುಟ ಇದೆ. ತಾವಾಗಿಯೇ ಬಂದು ಬರೆಸಿದ್ದು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನಾನು ಹುಬ್ಬಳ್ಳಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ಸಭೆಯಲ್ಲಿ ಮಧ್ಯಸ್ಥಿಕೆಯ ಪ್ರಾರ್ಥನೆಯ ಜವಾಬ್ದಾರಿ ನನ್ನದು. ಮಧ್ಯಸ್ಥಿಕೆ ಅಂದರೆ ಬೇರೆಯವರ ಪರವಾಗಿ ದೇವರ ಹತ್ತಿರ ಬೇಡಿಕೊಳ್ಳುವುದು. ಬೈಬಲಿನಲ್ಲಿ ಅಬ್ರಹಾಮ, ಐವತ್ತು ಜನ ನೀತಿವಂತರಿದ್ದರೆ ಸೊದೋಮ್ ಊರನ್ನು ಉಳಿಸುತ್ತೀಯಾ ಅಂತ ಶುರು ಮಾಡಿ ದೇವರ ಹತ್ತಿರ ಹತ್ತರವರೆಗೆ ಚೌಕಾಸಿ ಮಾಡಿದ ಹಾಗೆ. ನಾವು ಎಲ್ಲಿ ಕೆಟ್ಟೆವು ಅನ್ನುವುದನ್ನು ಹೇಳುತ್ತೇನೆ.

ಮೊದಲು ಮಾಡಿದ್ದು ಇಡೀ ರಾತ್ರಿಯ ಉಪವಾಸ ಪ್ರಾರ್ಥನೆ. ಶಾಮಿಯಾನ, ಮೈಕ್ ಸೆಟ್ಟು ಸೇರಿ ಮೂರೂವರೆ ಸಾವಿರ. ಹೊರಗಿನ ಪ್ರಸಂಗಿಗೆ ಕಾರು, ಕಾಣಿಕೆ ಅಂತ ಐದು ಸಾವಿರ. ಬೆಳಗ್ಗೆ ಉಪ್ಪಿಟ್ಟು, ಚಹಾ. ಒಂದು ರಾತ್ರಿಗೆ ಹತ್ತು ಹನ್ನೊಂದು ಸಾವಿರ ಹೋಯಿತು. ಮೂರು ಸಲ ಮಾಡಿದೆವು. ಮೊದಲ ಸಲ ನಲವತ್ತು ಜನ, ಮೂರನೇ ಸಲ ಆರು. ಆ ಆರರಲ್ಲಿ ಒಬ್ಬ ಮೈಕಿನವನು.

ಆಮೇಲೆ ಜರ್ಮನಿಯ ಹೆರ್ನ್‌ಹೂಟ್ ಊರಿನ ಮೊರೇವಿಯನ್ನರು ಅನ್ನುವ ಕ್ರೈಸ್ತ ಪಂಗಡದವರ ಕಥೆ ಓದಿ ನನಗೆ ಹುಚ್ಚು ಹಿಡಿಯಿತು. 1727ರ ಆಗಸ್ಟ್‌ನಲ್ಲಿ 24 ಗಂಡಸರು, 24 ಹೆಂಗಸರು ದಿನದ ಗಂಟೆಗಳನ್ನು ಹಂಚಿಕೊಂಡು ಶುರು ಮಾಡಿದ ಪ್ರಾರ್ಥನೆ ನೂರು ವರ್ಷಕ್ಕೂ ಜಾಸ್ತಿ ನಡೆಯಿತು. ನಮ್ಮದು ಒಂಬತ್ತು ದಿನ ನಡೆಯಿತು. ಒಬ್ಬರ ಗಂಟೆ ಮುಗಿದ ಮೇಲೆ ಮುಂದಿನವರಿಗೆ ಮಿಸ್ಡ್ ಕಾಲ್ ಕೊಡಬೇಕು ಅಂತ ಏರ್ಪಾಟು. ರಾತ್ರಿ ಎರಡರ ಹುಡುಗ ಮಲಗಿಬಿಟ್ಟರೆ ಮೂರರವರಿಗೆ ಕಾಲ್ ಇಲ್ಲ, ನಾಲ್ಕರವರಿಗೂ ಇಲ್ಲ. ಅದಕ್ಕಿಂತ ದೊಡ್ಡ ತಪ್ಪು ಪಟ್ಟಿಯಲ್ಲಿತ್ತು. ಸುಮಾರು 140 ಹೆಸರು. ರೇಷನ್ ಅಂಗಡಿಯಲ್ಲಿ ಕೂಗಿದ ಹಾಗೆ ಹೆಸರು ಓದುವುದರಲ್ಲೇ ಗಂಟೆ ಮುಗಿಯುತ್ತಿತ್ತು. ಯಾರು, ಏನು ಕಷ್ಟ, ಒಂದೂ ತಲೆಗೆ ಹೋಗುತ್ತಿರಲಿಲ್ಲ.

ವಾಟ್ಸಾಪ್ ಗುಂಪಿನ ವಿಷಯ ಬರೆಯೋಕೆ ನಾಚಿಕೆ. ಒಂದು ಮನೆಯ ಸೊಸೆ ಜಗಳ ಮಾಡಿಕೊಂಡು ತವರಿಗೆ ಹೋಗಿದ್ದಾಳೆ, ಪ್ರಾರ್ಥಿಸಿ ಅಂತ ನಾನೇ ಹಾಕಿದೆ. ಕೈಮುಗಿದ ಚಿತ್ರ ಐವತ್ತು ಬಂದವು. ಸಂಜೆಯೊಳಗೆ ಇಡೀ ಓಣಿಗೆ ಸುದ್ದಿ. ಆ ಹೆಣ್ಣುಮಗಳು ಒಂದು ವರ್ಷ ಸಭೆಯ ಮೆಟ್ಟಿಲು ಹತ್ತಲಿಲ್ಲ. ಪ್ರಾರ್ಥನೆಯ ಹೆಸರಲ್ಲಿ ನಾನು ಮಾಡಿದ್ದು ಸುಮ್ನೆ ಚಾಡಿ. ಗುಂಪನ್ನು ಅವತ್ತೇ ಮುಚ್ಚಿದೆ.

ದಾರಿ ತೋರಿಸಿದ್ದು ನಮ್ಮ ಸಭೆಯ ಒಬ್ಬ ಅಜ್ಜಿ. ಓದು ಬರಹ ಇಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೂ ಬೆಂಚಿನ ಮೇಲೆ ಕೂತು ಸೆರಗಿನ ತುದಿಯ ಗಂಟೊಂದನ್ನು ಹೆಬ್ಬೆರಳಲ್ಲಿ ಉಜ್ಜುತ್ತಿದ್ದರು. ದುಡ್ಡು ಕಟ್ಟಿದ್ದೀರಾ ಅಂತ ಕೇಳಿದೆ. "ಇಲ್ಲಪಾ, ಇದು ಪಕ್ಕದ ಮನಿ ಹುಡುಗ, ಕುಡೀತಾನ. ಇದು ನನ್ನ ತಂಗಿ ಮಗಳು" ಅಂತ ಒಂದೊಂದೇ ಗಂಟು ತೋರಿಸಿದರು. ನಾಲ್ಕಿದ್ದವು. ಇಷ್ಟೇನಾ ಅಂದೆ. "ನಾಕ ಗಂಟ ಹಾಕಿದ ಮ್ಯಾಲ ಸೆರಗ ಎಲ್ಲಿ ಉಳೀತೈತಿ?" ಅಂದರು.

ರಾತ್ರಿ ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆದೆ. ಪಾರ್ಶ್ವವಾಯು ಆದವನನ್ನು ಯೇಸುವಿನ ಹತ್ತಿರ ಹೊತ್ತು ತಂದವರೂ ನಾಲ್ಕೇ ಜನ. ಚಾವಣಿ ಬಿಚ್ಚಿ ಇಳಿಸುವುದಕ್ಕೆ ಅಷ್ಟು ಸಾಕಾಯಿತು. ಲೆಕ್ಕ ಅಲ್ಲೇ ಸಿಕ್ಕಿತು. ಒಂದು ಹೆಸರಿಗೆ ನಾಲ್ಕು ಜನ, ಒಬ್ಬೊಬ್ಬರಿಗೆ ನಾಲ್ಕೇ ಹೆಸರು. ಇಪ್ಪತ್ತು ಜನ ಒಪ್ಪಿದರು, ಹಾಗಾಗಿ ಒಂದು ಸಲಕ್ಕೆ ಇಪ್ಪತ್ತೇ ಹೆಸರು. ಇಪ್ಪತ್ತೊಂದನೆಯವರು ಕಾಯಬೇಕು. ನಮ್ಮ ಪಾದ್ರಿ ಅಯ್ಯನವರಿಗೇ ಇದು ಮೊದಲು ಸರಿ ಕಾಣಲಿಲ್ಲ. ಪ್ರಾರ್ಥನೆಗೂ ಪಾಳಿನಾ ಅಂದರು.

ಇನ್ನೂರು ಪುಟದ ನೋಟ್‌ಬುಕ್, ಅರವತ್ತು ರೂಪಾಯಿ. ಎಡಪುಟದಲ್ಲಿ ಆ ಮನುಷ್ಯ ಏನು ಕೇಳಿದನೋ ಅದು ಅವನ ಮಾತಲ್ಲೇ. ಬಲಪುಟ ಖಾಲಿ. ಅವರನ್ನು ಕೇಳದೆ ಹೆಸರು ಬರೆಯೋ ಹಾಗಿಲ್ಲ. ಶನಿವಾರ ಅವರ ಮನೆಗೆ ಹೋಗಿ, ಇಲ್ಲವೇ ಫೋನ್ ಮಾಡಿ, ಏನಾಯಿತು ಅಂತ ಕೇಳಲೇಬೇಕು. ಬಂದ ಉತ್ತರ ಬಲಪುಟಕ್ಕೆ. ಮನೆಗೆ ಹೋದಾಗ ನಾನು ಮೊದಲು ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲರೂ ಅದನ್ನೇ ಬಾಯಿಪಾಠ ಒಪ್ಪಿಸುತ್ತಾರೆ. ಯಾರ ಹೆಸರು ಯಾರಿಗೆ ಕೊಡಬೇಕು ಅನ್ನುವುದೂ ನನ್ನ ಕೈಯಲ್ಲೇ ಇರಲಿ. ಅಷ್ಟು ಮಾತ್ರ ಹೇಳುತ್ತೇನೆ: ಹತ್ತಿರದ ಸಂಬಂಧಿಕರಿಗೆ ಕೊಡಬೇಡಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಬೆಳಗ್ಗೆ ಐದಕ್ಕೆ ಓಣಿ ಸುತ್ತುತ್ತಾ ಮನೆಮನೆಗೆ ಪ್ರಾರ್ಥಿಸಿದೆ. ಹನ್ನೊಂದನೇ ದಿನ ನಾಯಿಗಳು ಅಟ್ಟಿಸಿಕೊಂಡು ಬಂದವು, ಬಿಟ್ಟೆ. ಶುಕ್ರವಾರ ಅಂಗಡಿಯಲ್ಲೇ ಉಪವಾಸ ಇದ್ದು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಗಿರಾಕಿ ಮೇಲೆ ರೇಗುತ್ತಿದ್ದೆ. ಒಂದು ಪಂಪ್ ಮೋಟಾರಿಗೆ ಕನೆಕ್ಷನ್ ತಪ್ಪು ಕೊಟ್ಟು ಸುಟ್ಟು, ಸಾವಿರದ ನಾನೂರು ಕೈಯಿಂದ ಹೋಯಿತು. ಈಗ ಉಪವಾಸ ಅಂಗಡಿ ರಜೆಯ ದಿನ ಮಾತ್ರ.

ಫಲ ಏನು ಅಂತ ಕೇಳುತ್ತೀರಿ. ಮೊದಲ ವರ್ಷ ಸುಮಾರು 90 ಹೆಸರು ಬಂದವು. ಕೇಳಿದ್ದು ಆಯಿತು ಅನ್ನಬಹುದಾದವು ಮೂವತ್ತು. ಆಗಲಿಲ್ಲ ಅನ್ನುವಂಥವು ಇಪ್ಪತ್ತೈದು. ಉಳಿದವು ಇನ್ನೂ ನೇತಾಡುತ್ತಿವೆ. ಆ ಮೂವತ್ತು ಪ್ರಾರ್ಥನೆಯಿಂದಲೇ ಆದವು ಅಂತ ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳಲಾರೆ. ನನ್ನ ಅಕ್ಕನ ಮಗ ಡಾಕ್ಟರು. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ತಂದು ತೋರಿಸಿದ. ಬೈಪಾಸ್ ಆದ 1,800 ಚಿಲ್ಲರೆ ರೋಗಿಗಳು. ಬೇರೆಯವರ ಪ್ರಾರ್ಥನೆಯಿಂದ ಲಾಭ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಅಂತ ಖಚಿತವಾಗಿ ಗೊತ್ತಿದ್ದವರಿಗೆ ತೊಂದರೆ ಸ್ವಲ್ಪ ಜಾಸ್ತಿಯೇ ಆಗಿತ್ತಂತೆ. "ಮಾಮಾ, ಈಗೇನಂತೀರಿ?" ಅಂದ. ಪ್ರಾರ್ಥಿಸಿದವರಿಗೆ ರೋಗಿಯ ಬಗ್ಗೆ ಏನು ಹೇಳಿದ್ದರು ಅಂತ ಕೇಳಿದೆ. ಹೆಸರು, ಮನೆತನದ ಹೆಸರಿನ ಮೊದಲ ಅಕ್ಷರ, ಅಷ್ಟೇ. ನಮ್ಮ 140 ಹೆಸರಿನ ಪಟ್ಟಿ ನೆನಪಾಯಿತು. ಅಜ್ಜಿ ಅಷ್ಟಕ್ಕೆ ಗಂಟು ಹಾಕುತ್ತಿರಲಿಲ್ಲ. ಅವನು ಒಪ್ಪಲಿಲ್ಲ, ಚಹಾ ಕುಡಿದು ಎದ್ದು ಹೋದ.

ಆಗದ ಪುಟಗಳೇ ನನಗೆ ಜಾಸ್ತಿ ಕಲಿಸಿದವು. ಅಜ್ಜಿಯ ಪಕ್ಕದ ಮನೆಯ ಹುಡುಗ ಇನ್ನೂ ಕುಡಿಯುತ್ತಾನೆ. ತನ್ನ ಶಿಷ್ಯ ಪೇತ್ರನ ನಂಬಿಕೆ ಕುಂದಬಾರದು ಅಂತ ಯೇಸುವೇ ಬೇಡಿಕೊಂಡಿದ್ದ. ಆದರೂ ಕೋಳಿ ಕೂಗುವಷ್ಟರಲ್ಲಿ ಪೇತ್ರ ಮೂರು ಸಲ, ಯೇಸು ಯಾರೋ ಗೊತ್ತಿಲ್ಲ ಅಂತ ಅಲ್ಲಗಳೆದ. ಅಂದರೆ ಬೀಳದ ಹಾಗೆ ತಡೆಯುವುದೇ ಮಧ್ಯಸ್ಥಿಕೆ ಅಲ್ಲ, ಅಲ್ವಾ? ಆ ಹುಡುಗ ರಾತ್ರಿ ಚರಂಡಿ ಪಕ್ಕ ಬಿದ್ದಾಗ ಈಗ ಅವನ ಮನೆಯವರು ಫೋನ್ ಮಾಡುವುದು ನಮ್ಮ ನಾಲ್ವರಲ್ಲಿ ಒಬ್ಬರಿಗೆ. ಮೊದಲು ಯಾರಿಗೂ ಮಾಡುತ್ತಿರಲಿಲ್ಲ. ಬಲಪುಟದಲ್ಲಿ ಅದನ್ನೇ ಬರೆದಿದ್ದೇವೆ.

ಆ ಇಪ್ಪತ್ತು ಜನರಲ್ಲಿ ಮೂರು ವರ್ಷದಲ್ಲಿ ಬಿಟ್ಟವರು ಇಬ್ಬರೇ, ಅದರಲ್ಲೂ ಒಬ್ಬರಿಗೆ ವರ್ಗವಾಗಿತ್ತು. ತವರಿಗೆ ಹೋಗಿದ್ದ ಆ ಹೆಣ್ಣುಮಗಳೇ ಈಗ ಅವರ ಜಾಗದಲ್ಲಿದ್ದಾಳೆ. ವರ್ಷದ ಖರ್ಚು, ಚಹಾ ಸೇರಿ, ಏಳುನೂರು ದಾಟಿಲ್ಲ.

ಹೋದ ತಿಂಗಳು ಇನ್ನೊಂದು ಸಭೆಯವರು ಬಂದು, ನಿಮ್ಮ ನೋಟ್‌ಬುಕ್ ಕೊಡಿ, ಝೆರಾಕ್ಸ್ ಮಾಡಿಸಿಕೊಳ್ಳುತ್ತೇವೆ ಅಂದರು. ಪಕ್ಕದ ಅಂಗಡಿಯಿಂದ ಹೊಸದೊಂದು ಖಾಲಿ ನೋಟ್‌ಬುಕ್ ತರಿಸಿ ಕೊಟ್ಟೆ. ಅರವತ್ತು ರೂಪಾಯಿ ಇಸ್ಕೊಂಡೆ.