ಮೀಟಪ್‌ನಲ್ಲಾದ ಪರಿಚಯ ಉಳಿಯಬೇಕಾದರೆ

ಒಂದೇ ಆಸಕ್ತಿಯವರು ಸೇರುವ ತಂತ್ರಜ್ಞಾನದ ಮೀಟಪ್‌ಗೆ ಮೊದಲ ಸಲ ಹೋಗುವವರು ಸಾಮಾನ್ಯವಾಗಿ ಮಾಡುವುದು ಇಷ್ಟು: ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಸರಿಯಾಗಿ ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ, ಬಿಡುವಿನಲ್ಲಿ ಫೋನ್ ನೋಡುತ್ತ ನಿಲ್ಲುತ್ತಾರೆ, ಹೊರಡುವ ಮುನ್ನ ಎದುರಿಗೆ ಸಿಕ್ಕ ನಾಲ್ಕಾರು ಜನರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಕೊಂಡು, ರಾತ್ರಿ ಎಲ್ಲರಿಗೂ ಲಿಂಕ್ಡ್‌ಇನ್‌ನಲ್ಲಿ ಕನೆಕ್ಷನ್ ಕೋರಿಕೆ ಕಳುಹಿಸುತ್ತಾರೆ. ವಾರ ಕಳೆಯುವುದರೊಳಗೆ ಯಾರು ಯಾರೆಂಬುದು ಎರಡೂ ಕಡೆಯವರಿಗೆ ಮರೆತುಹೋಗಿರುತ್ತದೆ. ಮೊದಲ ವರ್ಷ ನಾನೂ ಇದನ್ನೇ ಮಾಡಿದೆ. ಒಂದೇ ಸಾಲಿನ ಸಂದೇಶವನ್ನು ಮೂವತ್ತಕ್ಕೂ ಹೆಚ್ಚು ಜನರಿಗೆ ಅಂಟಿಸಿ ಕಳುಹಿಸಿದ ಒಂದು ರಾತ್ರಿಯ ಫಲವಾಗಿ ನನಗೆ ಬಂದ ಉತ್ತರಗಳು ಎರಡು; ಅವುಗಳಲ್ಲಿ ಒಂದು, "ಕ್ಷಮಿಸಿ, ನಾವು ಎಲ್ಲಿ ಭೇಟಿಯಾಗಿದ್ದೆವು?" ಎಂಬ ಪ್ರಶ್ನೆಯಾಗಿತ್ತು. ಪರಿಚಯ ಎಂಬುದು ಸಭಾಂಗಣದಲ್ಲಿ ಹುಟ್ಟುವುದಾದರೂ ಅದು ಬದುಕುವುದೋ ಸಾಯುವುದೋ ನಿರ್ಧಾರವಾಗುವುದು ಅದರ ಮರುದಿನ ಮತ್ತು ಅದರಾಚೆಯ ದಿನ ಎಂಬುದು ನನಗೆ ಅರ್ಥವಾಗಲು ಇನ್ನಷ್ಟು ಕಾಲ ಹಿಡಿಯಿತು.

ಹಾಗಾಗಿ ಸಿದ್ಧತೆ ಶುರುವಾಗಬೇಕಾದುದು ಮನೆಯಲ್ಲಿಯೇ. ಹೋಗಬೇಕೆಂದಿರುವ ಗುಂಪಿನ ಪುಟವನ್ನು ತೆರೆದು ಕಳೆದ ಆರು ತಿಂಗಳಲ್ಲಿ ಎಷ್ಟು ಸಭೆಗಳು ನಡೆದಿವೆ, ಮಾತನಾಡಿದವರು ಪ್ರತಿ ಸಲ ಬೇರೆಯವರೇ ಅಥವಾ ಅದೇ ಇಬ್ಬರೇ, ವಿಷಯಗಳು ಕಲಿಸುವಂಥವೇ ಅಥವಾ ಯಾವುದೋ ಉತ್ಪನ್ನವನ್ನು ಮಾರುವಂಥವೇ ಎಂಬುದನ್ನು ನೋಡಿ. ಇನ್ನೂರು ಜನ ಸೇರುವ ಸಭೆಗಿಂತ ಇಪ್ಪತ್ತೈದು ಜನ ಸೇರುವ ಸಭೆ ಹೊಸಬರಿಗೆ ಒಳ್ಳೆಯದು, ಏಕೆಂದರೆ ಅಲ್ಲಿ ನೀವು ಬಂದದ್ದು ಯಾರಿಗಾದರೂ ತಿಳಿಯುತ್ತದೆ. ಒಂದು ಗುಂಪನ್ನು ಆರಿಸಿಕೊಂಡ ಮೇಲೆ ಸತತವಾಗಿ ಮೂರು ಸಭೆಗಳಿಗೆ ಹೋಗುವ ನಿರ್ಧಾರ ಮಾಡಿ. ಮೊದಲನೆಯದರಲ್ಲಿ ನೀವು ಅಪರಿಚಿತರು, ಎರಡನೆಯದರಲ್ಲಿ ಎಲ್ಲೋ ನೋಡಿದ ಮುಖ, ಮೂರನೆಯದರಲ್ಲಿ ಯಾರಾದರೂ ತಾವಾಗಿಯೇ ಬಂದು ಮಾತನಾಡಿಸುತ್ತಾರೆ. ಬರುತ್ತೇನೆಂದು ನೋಂದಾಯಿಸಿ ಆಮೇಲೆ ಬರಲಾಗದಿದ್ದರೆ ಅದನ್ನು ರದ್ದು ಮಾಡಲು ಮರೆಯಬೇಡಿ. ಆಯೋಜಕರು ಕುರ್ಚಿಗಳನ್ನು ಹಾಕಿಸುವುದು ಆ ಸಂಖ್ಯೆಯನ್ನು ನಂಬಿಕೊಂಡೇ.

ನಿಮ್ಮ ಪ್ರೊಫೈಲನ್ನೂ ಸಭೆಗೆ ಮೊದಲೇ ಸರಿಪಡಿಸಿಕೊಳ್ಳಬೇಕು, ಏಕೆಂದರೆ ನಿಮ್ಮೊಡನೆ ಮಾತನಾಡಿದವರು ಮನೆಗೆ ಹೋಗುವ ದಾರಿಯಲ್ಲಿ ಅದನ್ನು ನೋಡುತ್ತಾರೆ. ಹೆಸರಿನ ಕೆಳಗಿನ ಸಾಲಿನಲ್ಲಿ "ಉತ್ಸಾಹಿ ಕಲಿಕಾರ್ಥಿ, ತಂತ್ರಜ್ಞಾನ ಪ್ರೇಮಿ" ಎಂದಿದ್ದರೆ ಅದು ಯಾರಿಗೂ ಏನನ್ನೂ ಹೇಳುವುದಿಲ್ಲ. "ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ನಿಧಾನವಾಗಿ ಓಡುವ ಕ್ವೆರಿಗಳನ್ನು ಸರಿಪಡಿಸುತ್ತೇನೆ" ಎಂದಿದ್ದರೆ, ಅಂಥ ತೊಂದರೆ ಇರುವವರು ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ. ಮುಖ ಗುರುತು ಸಿಗುವಂಥ ಒಂದು ಫೋಟೊ, ಮಾಡಿದ ಕೆಲಸವೊಂದರ ಕೊಂಡಿ, ಇಷ್ಟಿದ್ದರೆ ಸಾಕು.

ಏನು ಮಾತನಾಡಬೇಕು ಎಂಬ ಅಳುಕಿಗೆ ಐವತ್ತು ವರ್ಷಗಳ ಹಿಂದಿನ ಒಂದು ಪರಿಹಾರವಿದೆ. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ, ಗಾರ್ಡನ್ ಫ್ರೆಂಚ್ ಎಂಬುವರ ಗ್ಯಾರೇಜಿನಲ್ಲಿ, ಕಂಪ್ಯೂಟರ್ ಹವ್ಯಾಸಿಗಳ ಗುಂಪಾದ ಹೋಂಬ್ರೂ ಕಂಪ್ಯೂಟರ್ ಕ್ಲಬ್‌ನ ಮೊದಲ ಸಭೆ ಸೇರಿತು. ಮುಂದೆ ಆ್ಯಪಲ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಆ ಸಭೆಯಲ್ಲಿದ್ದರು. ಮುಂದೆ ಆ್ಯಪಲ್ 1 ಆದ ಯಂತ್ರದ ನಕ್ಷೆಗಳನ್ನು ಅವರು ಹಂಚಿದ್ದೂ ಈ ಕ್ಲಬ್‌ನವರಿಗೇ. ಗುಂಪು ದೊಡ್ಡದಾಗಿ ಸಭಾಂಗಣಕ್ಕೆ ಸ್ಥಳಾಂತರಗೊಂಡ ಮೇಲೆ ಸದಸ್ಯರಲ್ಲೊಬ್ಬರಾದ ಲೀ ಫೆಲ್ಸೆನ್‌ಸ್ಟೈನ್ ಅದನ್ನು ನಡೆಸುತ್ತಿದ್ದ ಕ್ರಮದಲ್ಲಿ ಎರಡು ಮುಖ್ಯ ಘಟ್ಟಗಳಿದ್ದವು. ಮೊದಲು 'ಮ್ಯಾಪಿಂಗ್': ಬಯಸಿದವರು ಎದ್ದು ನಿಂತು ತಮ್ಮ ಬಳಿ ಏನಿದೆ, ತಮಗೆ ಏನು ಬೇಕಾಗಿದೆ ಎಂಬುದನ್ನು ಎಲ್ಲರೆದುರು ಚುಟುಕಾಗಿ ಹೇಳುವುದು. ಅನಂತರ 'ರ‍್ಯಾಂಡಮ್ ಆ್ಯಕ್ಸೆಸ್': ಕೇಳಿಸಿಕೊಂಡವರು ತಮಗೆ ಬೇಕಾದವರನ್ನು ಹುಡುಕಿಕೊಂಡು ಹೋಗಿ ಮಾತಿಗಿಳಿಯುವುದು. ನಿಮ್ಮ ಗುಂಪಿನಲ್ಲಿ ಈ ಪದ್ಧತಿ ಇಲ್ಲದಿದ್ದರೂ ಆ ಎರಡು ವಾಕ್ಯಗಳನ್ನು ನೀವು ಜೇಬಿನಲ್ಲಿಟ್ಟುಕೊಂಡು ಹೋಗಬಹುದು: ನಾನು ಈಗ ಏನು ಮಾಡುತ್ತಿದ್ದೇನೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಎರಡನೆಯ ವಾಕ್ಯವೇ ಹೆಚ್ಚು ಕೆಲಸ ಮಾಡುತ್ತದೆ. ಪದವಿ, ಕಂಪನಿ, ಅನುಭವದ ವರ್ಷಗಳನ್ನು ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ತೊಡಕೊಂದನ್ನು ಕೇಳಿದ ತಂತ್ರಜ್ಞರಿಗೆ ಸುಮ್ಮನಿರಲು ಆಗುವುದಿಲ್ಲ.

ಸಭೆಗೆ ಕಾಲು ಗಂಟೆ ಮೊದಲೇ ಹೋಗಿ. ತುಂಬಿದ ಕೋಣೆಗೆ ಕಾಲಿಟ್ಟರೆ ಎಲ್ಲರೂ ಆಗಲೇ ಗುಂಪುಗೂಡಿರುತ್ತಾರೆ, ಆದರೆ ಖಾಲಿ ಕೋಣೆಯಲ್ಲಿ ಪ್ರೊಜೆಕ್ಟರಿಗೆ ಹೊಂದುವ ಕೇಬಲ್ ಹುಡುಕುತ್ತಿರುವ ಒಬ್ಬರೋ ಇಬ್ಬರೋ ಆಯೋಜಕರು ಮಾತ್ರ ಇರುತ್ತಾರೆ. ಅವರ ಜೊತೆ ನಾಲ್ಕು ಕುರ್ಚಿ ಸರಿಸಿದರೆ, ಆ ಸಂಜೆ ಬರುವ ಎಲ್ಲರನ್ನೂ ಬಲ್ಲವರ ಪರಿಚಯ ನಿಮಗಾದಂತೆಯೇ. ಆಮೇಲೆ ಗುಂಪುಗಳ ವಿಷಯ. ತಂತ್ರಾಂಶದ ಕೈಪಿಡಿಗಳನ್ನು ಬರೆಯುವವರ ರೈಟ್ ದಿ ಡಾಕ್ಸ್ ಎಂಬ ಸಮುದಾಯವನ್ನು ಕಟ್ಟಿದವರಲ್ಲಿ ಒಬ್ಬರಾದ ಎರಿಕ್ ಹೋಲ್ಷರ್ ಅವರು 'ಪ್ಯಾಕ್‌ಮನ್ ನಿಯಮ' ಎಂದು ಕರೆದ ಒಂದು ಅಭ್ಯಾಸ ಹಲವು ಸಮ್ಮೇಳನಗಳಲ್ಲಿ ಬಳಕೆಗೆ ಬಂದಿದೆ: ವೃತ್ತಾಕಾರವಾಗಿ ನಿಂತು ಮಾತನಾಡುವಾಗ ಒಬ್ಬರು ಹಿಡಿಸುವಷ್ಟು ಜಾಗವನ್ನು, ಪ್ಯಾಕ್‌ಮನ್ ಎಂಬ ವಿಡಿಯೊ ಆಟದ ಹಳದಿ ಉರುಟಿನ ತೆರೆದ ಬಾಯಿಯಂತೆ, ಖಾಲಿ ಬಿಟ್ಟಿರಬೇಕು. ಹೊಸಬರು ಹುಡುಕಬೇಕಾದುದು ಆ ತೆರಪನ್ನೇ. ಅಲ್ಲಿ ಬಂದು ನಿಂತು, ಒಂದೆರಡು ನಿಮಿಷ ಕೇಳಿಸಿಕೊಂಡು, ನಡೆಯುತ್ತಿರುವ ಮಾತಿಗೆ ಸಂಬಂಧಿಸಿದ ಪ್ರಶ್ನೆಯೊಂದನ್ನು ಕೇಳಿದರೆ ನೀವು ಒಳಗೆ ಬಂದಿರಿ. ನೀವೂ ಒಳಗೆ ಬಂದ ಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಬಾಯಿ ತೆರೆದಿಡಿ. ಮಾತು ಮುಗಿದಾಗ ನೆಪ ಹುಡುಕಬೇಕಾಗಿಲ್ಲ. "ನಿಮ್ಮೊಡನೆ ಮಾತನಾಡಿದ್ದು ಒಳ್ಳೆಯದಾಯಿತು, ಇನ್ನೂ ಒಬ್ಬಿಬ್ಬರನ್ನು ಕಾಣಬೇಕಿದೆ" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಒಬ್ಬರೊಡನೆ ಮಾತು ಮುಗಿದ ಕೂಡಲೇ, ಮುಂದಿನವರ ಬಳಿ ಹೋಗುವ ಮೊದಲು, ಗೋಡೆಯ ಪಕ್ಕಕ್ಕೆ ಸರಿದು ಫೋನಿನಲ್ಲಿ ಒಂದು ಸಾಲು ಬರೆದುಕೊಳ್ಳಿ. ಹೆಸರು, ವಿಷಯ, ಕೊಟ್ಟ ಮಾತು, ಅಷ್ಟೇ. ನನ್ನ ಟಿಪ್ಪಣಿಯೊಂದು ಹೀಗಿತ್ತು: "ಕನ್ನಡಕ, ನೀಲಿ ಚೀಲ. ಲಾಗ್ ಫೈಲುಗಳು ಡಿಸ್ಕ್ ತುಂಬಿಸುತ್ತಿವೆ. ನನ್ನ ಲಾಗ್‌ರೊಟೇಟ್ ಕಾನ್ಫಿಗ್ ಕಳುಹಿಸಬೇಕು." ಮರುದಿನ ಬೆಳಿಗ್ಗೆ, ಹಳೆಯ ಲಾಗ್‌ಗಳನ್ನು ತಾನಾಗಿಯೇ ತೆರವು ಮಾಡಿಸುವ ಆ ಫೈಲನ್ನು ಕಳುಹಿಸಿದೆ. ಒಂದು ಗಂಟೆಯೊಳಗೆ ಉತ್ತರ ಬಂತು, ಅದರ ಜೊತೆಗೆ ನಾನು ಗಮನಿಸದೆ ಬಿಟ್ಟಿದ್ದ ತಪ್ಪೊಂದರ ತಿದ್ದುಪಡಿಯೂ ಬಂತು. ಆ ಪರಿಚಯ ಇಂದಿಗೂ ಉಳಿದಿದೆ.

ಸಂದೇಶವನ್ನು ಎರಡು ದಿನಗಳ ಒಳಗೆ ಕಳುಹಿಸಬೇಕು. "ನಮಸ್ಕಾರ, ನಿಮ್ಮ ನೆಟ್‌ವರ್ಕ್‌ಗೆ ಸೇರಲು ಇಚ್ಛಿಸುತ್ತೇನೆ" ಎಂಬುದು ಸಂದೇಶವಲ್ಲ, ಅರ್ಜಿ. ಅದರ ಬದಲು, "ನಮಸ್ಕಾರ, ಗುರುವಾರದ ಸಭೆಯಲ್ಲಿ ಕ್ಯಾಶ್ ಆದ ಹಳೆಯ ದತ್ತಾಂಶ ಅಳಿಸುವ ಸಮಸ್ಯೆಯ ಬಗ್ಗೆ ಮಾತನಾಡಿದ್ದೆವು. ನೀವು ಹೇಳಿದ ಹಾಗೆ ಅದನ್ನು ಉಳಿಸಿಕೊಳ್ಳುವ ಅವಧಿಯನ್ನು ಇಳಿಸಿ ನೋಡಿದೆ, ದೋಷ ಹೋಯಿತು. ನಾನು ಹೇಳಿದ್ದ ಉಪಕರಣದ ಕೊಂಡಿ ಇಲ್ಲಿದೆ" ಎಂದು ಬರೆದರೆ, ಎಲ್ಲಿ ಸಿಕ್ಕಿದ್ದು, ಏನು ಮಾತನಾಡಿದ್ದು, ಈಗ ಏಕೆ ಬರೆಯುತ್ತಿರುವುದು ಎಂಬ ಮೂರೂ ಅದರಲ್ಲಿ ಬಂದುಬಿಡುತ್ತವೆ. ಮೊದಲ ಸಂದೇಶದಲ್ಲೇ ರೆಸ್ಯೂಮೆ ಲಗತ್ತಿಸಬೇಡಿ, ಕೆಲಸಕ್ಕೆ ಶಿಫಾರಸು ಕೇಳಬೇಡಿ. ವೃತ್ತಿಯ ಕಾರಣಕ್ಕೆ ಕೊಟ್ಟ ಸಂಪರ್ಕವನ್ನು ಖಾಸಗಿ ಸಲಿಗೆಗೆ, ಅದರಲ್ಲೂ ಮಹಿಳೆಯರಿಗೆ ಅನಗತ್ಯ ಸಂದೇಶ ಕಳುಹಿಸುವುದಕ್ಕೆ ಬಳಸುವವರಿಂದಾಗಿಯೇ ಎಷ್ಟೋ ಜನ ಸಭೆಗಳಿಂದ ದೂರ ಉಳಿಯುತ್ತಾರೆ. ಗುಂಪಿನ ನಡವಳಿಕೆಯ ನಿಯಮಗಳನ್ನು ಓದಿಕೊಳ್ಳಿ, ಅದು ಸಭೆ ಮುಗಿದ ಮೇಲಿನ ಸಂದೇಶಗಳಿಗೂ ಅನ್ವಯಿಸುತ್ತದೆ ಎಂದೇ ತಿಳಿದು ನಡೆದುಕೊಳ್ಳಿ.

ಇಷ್ಟು ಅಲ್ಪ ಪರಿಚಯದಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಉತ್ತರವಿದೆ. ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು, ಆ ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಕಾಣುತ್ತಿದ್ದಿರಿ ಎಂದು ಅವರು ವಿಚಾರಿಸಿದಾಗ, ಪದೇ ಪದೇ ಎಂದವರು ಶೇ. 16.7, ಆಗೊಮ್ಮೆ ಈಗೊಮ್ಮೆ ಎಂದವರು ಶೇ. 55.6, ತೀರಾ ಅಪರೂಪಕ್ಕೆ ಎಂದವರು ಶೇ. 27.8. ಕಾರಣ ಸರಳವಾದುದು: ಆಪ್ತರಿಗೆ ತಿಳಿದಿರುವ ಸುದ್ದಿ ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ, ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದಾಗ ಈ ಮಾತಿಗೆ ಒಂದು ತಿದ್ದುಪಡಿ ಸೇರಿತು: ಕೆಲಸ ಸಿಗಲು ಹೆಚ್ಚು ನೆರವಾದದ್ದು ತೀರಾ ಸಡಿಲವಾದ ನಂಟುಗಳಲ್ಲ, ಮಧ್ಯಮ ಮಟ್ಟಕ್ಕೆ ಸಡಿಲವಾದವು. ಅಂದರೆ ಕೋರಿಕೆ ಕಳುಹಿಸಿ ಮರೆತ ಐನೂರು ಹೆಸರುಗಳಿಗಿಂತ, ಮೂರು ತಿಂಗಳಿಗೊಮ್ಮೆಯಾದರೂ ಒಂದು ಕೊಂಡಿಯನ್ನೋ ಒಂದು ಪ್ರಶ್ನೆಯನ್ನೋ ಹಂಚಿಕೊಳ್ಳುವ ಐವತ್ತು ಜನ ಮೇಲು ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಸಾರ್ವಜನಿಕವಾಗಿ ಬರೆಯುವುದೂ ಇದರ ಭಾಗವೇ. ಹ್ಯಾಶ್‌ಟ್ಯಾಗ್ ಹುಟ್ಟಿದ್ದೇ ಇಂಥ ಕೂಟಗಳ ನೆರಳಿನಲ್ಲಿ: 2007ರ ಆಗಸ್ಟ್ 23ರಂದು ತಂತ್ರಜ್ಞ ಕ್ರಿಸ್ ಮೆಸ್ಸಿನಾ ಟ್ವಿಟರ್‌ನಲ್ಲಿ ಗುಂಪುಗಳಿಗೆ ಹ್ಯಾಶ್ (#) ಚಿಹ್ನೆಯನ್ನು ಬಳಸಬಹುದೇ ಎಂದು ಕೇಳಿದಾಗ ಕೊಟ್ಟ ಉದಾಹರಣೆ, ಭಾಗವಹಿಸುವವರೇ ಕಾರ್ಯಕ್ರಮ ಪಟ್ಟಿಯನ್ನು ರೂಪಿಸಿಕೊಳ್ಳುವ ಬಾರ್‌ಕ್ಯಾಂಪ್ ಎಂಬ ಕೂಟದ ಹೆಸರು. ಸಭೆಯ ಹ್ಯಾಶ್‌ಟ್ಯಾಗ್ ಹಾಕಿ, ಕಲಿತ ಒಂದೇ ಒಂದು ಅಂಶವನ್ನು ನಿಮ್ಮ ಮಾತಿನಲ್ಲಿ ವಿವರಿಸಿ, ಅದನ್ನು ಹೇಳಿಕೊಟ್ಟವರನ್ನು ಹೆಸರಿಸಿ. "ಅದ್ಭುತ ಕಾರ್ಯಕ್ರಮ" ಎಂಬ ಒಕ್ಕಣೆಯ ಜೊತೆ ಸೆಲ್ಫಿ ಹಾಕುವವರಿಗೆ ಮೆಚ್ಚುಗೆಗಳು ಬರಬಹುದು, ಮಾತುಕತೆ ಹುಟ್ಟುವುದಿಲ್ಲ. ಹ್ಯಾಶ್‌ಟ್ಯಾಗನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವುದಾದರೆ ಪ್ರತಿ ಪದದ ಮೊದಲ ಅಕ್ಷರವನ್ನು ದೊಡ್ಡಕ್ಷರದಲ್ಲಿ ಬರೆಯಿರಿ, ಇಲ್ಲದಿದ್ದರೆ ದೃಷ್ಟಿದೋಷವುಳ್ಳವರು ಬಳಸುವ ಸ್ಕ್ರೀನ್ ರೀಡರ್ ಪದಗಳನ್ನು ಬಿಡಿಸಿ ಓದಲು ತಡವರಿಸುತ್ತದೆ. ಬೇರೆಯವರ ಮುಖ ಕಾಣುವ ಚಿತ್ರ ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯಿರಿ. ಎಲ್ಲ ಜಾಲತಾಣಗಳಲ್ಲೂ ಇರಬೇಕೆಂಬ ಹಟ ಬೇಡ. ನಿಮ್ಮ ಗುಂಪಿನವರು ಹೆಚ್ಚಾಗಿರುವ ಒಂದು ಸಾಕು.

ನಾಲ್ಕೈದು ಸಭೆಗಳಾದ ಮೇಲೆ ಐದು ನಿಮಿಷದ ಲೈಟ್ನಿಂಗ್ ಟಾಕ್ ಒಂದಕ್ಕೆ ಹೆಸರು ಕೊಡಿ, ಏಕೆಂದರೆ ಮಾತನಾಡಿದವರನ್ನು ಹುಡುಕಿಕೊಂಡು ಜನರೇ ಬರುತ್ತಾರೆ. ಸಮಯ ಮೀರುವ ಭಯವಿದ್ದರೆ ಇಗ್ನೈಟ್ ಎಂಬ ಚುಟುಕು ಭಾಷಣಗಳ ಕೂಟಗಳ ಅಳತೆಯನ್ನು ಅನುಸರಿಸಿ: 20 ಸ್ಲೈಡುಗಳು, ಒಂದೊಂದಕ್ಕೆ 15 ಸೆಕೆಂಡು, ತಾವಾಗಿಯೇ ಮುಂದಕ್ಕೆ ಹೋಗುತ್ತವೆ. ನೇರ ಡೆಮೊ ಕೈಕೊಡುವುದು ಬಹಳ ಸಾಮಾನ್ಯವಾದ್ದರಿಂದ ಅದರ ವಿಡಿಯೊ ಒಂದನ್ನು ಮುಂಚೆಯೇ ಮಾಡಿಟ್ಟುಕೊಳ್ಳಿ. ಕೊನೆಯ ಸ್ಲೈಡಿನಲ್ಲಿ "ಧನ್ಯವಾದಗಳು" ಎಂದು ದೊಡ್ಡದಾಗಿ ಬರೆದು ಜಾಗ ಹಾಳುಮಾಡುವ ಬದಲು ನಿಮ್ಮ ಹೆಸರು, ಪ್ರೊಫೈಲಿನ ಕ್ಯೂಆರ್ ಕೋಡ್ ಮತ್ತು ನೀವು ಈಗ ಸಿಕ್ಕಿಹಾಕಿಕೊಂಡಿರುವ ಸಮಸ್ಯೆಯ ಒಂದು ಸಾಲನ್ನು ಹಾಕಿ, ಪ್ರಶ್ನೋತ್ತರ ಮುಗಿಯುವವರೆಗೂ ಅದನ್ನು ಪರದೆಯ ಮೇಲೆಯೇ ಬಿಡಿ.