ಭಾಷಣ ನಿಲ್ಸಿದ ಚೀಟಿ

"ಕತೆ ಓದಿ, ಅದರದ್ದೇ ಸಿನಿಮಾ ನೋಡಿ, ಕೂತು ಮಾತಾಡಕ್ಕೆ ಚಿಕ್ಕಮಗಳೂರಲ್ಲಿ ಯಾರ್ ಬರ್ತಾರೆ ಮಾರಾಯಾ" ಅಂತ ನಕ್ಕೋರೇ ಈಗ ನಮ್ಮ ಮುಂದಿನ ಕೂಟ ಯಾವ ಭಾನುವಾರ ಅಂತ ಫೋನ್ ಮಾಡ್ತಾರೆ, ಅದಕ್ಕೇ ಬರೀತಿದೀನಿ.

ಮೊದಲನೇ ವರ್ಷ ಪೂರ್ತಿ ದಂಡ. ಹಾಲ್ ಬಾಡಿಗೆ ಒಂದ್ಸಲಕ್ಕೆ ಸುಮಾರು 1,200 ರೂಪಾಯಿ, ಪ್ರೊಜೆಕ್ಟರ್ ಬಾಡಿಗೆ ಬೇರೆ, ಒಟ್ಟು 10,000 ಹತ್ರ ಕೈಬಿಡ್ತು. ಜುಲೈ ಮಳೇಲಿ ಕರೆಂಟಿಲ್ಲ, ಡಿಸೆಂಬರಲ್ಲಿ ಕಾಫಿ ಕುಯ್ಲು ಅಂತ ತೋಟದೋರು ಒಬ್ರೂ ಇಲ್ಲ, ಇದು ನಂಗೆ ಹೊಳೀಬೇಕಿತ್ತು, ನಮ್ಮನೇದೇ ಎರಡೆಕರೆ ಕಾಫಿ ಇದೆ! ಅದಕ್ಕಿಂತ ದೊಡ್ಡ ತಲೆನೋವು ಭಾಷಣ. ಒಬ್ರು ರಿಟೈರ್ಡ್ ಮೇಷ್ಟ್ರು ಎದ್ರೆ ನಲವತ್ತು ನಿಮಿಷ. ಮಿಕ್ಕೋರೆಲ್ಲ "ತೇಜಸ್ವಿ ಅಂದ್ರೆ ತೇಜಸ್ವಿ ಬಿಡಿ" ಅಂತ ಕೈಮುಗಿದು ಮನೆಗೆ.

ಆಮೇಲೆ ಹಾಲ್ ಬಿಟ್ಟು ನಮ್ಮನೆ ಜಗಲಿಗೆ ಬಂದ್ವಿ. ಸಿನಿಮಾ ಅವರವರ ಮನೇಲೇ ನೋಡ್ಕೊಂಡು ಬರೋದು. ಬಾಯಿ ಬಿಡೋಕ್ ಮುಂಚೆ ಒಂದೇ ಒಂದು ತಕರಾರು ಚೀಟೀಲಿ ಬರೀಬೇಕು, ಹೆಸರು ಹಾಕಂಗಿಲ್ಲ. ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ ಕತೆಗಳು, 'ಅಬಚೂರಿನ ಪೋಸ್ಟಾಫೀಸು', 1973ರದ್ದು. ಒಂದೇ ಸಂಕಲನ, ಅದ್ರಿಂದ ನಾಲ್ಕು ಸಿನಿಮಾ: ಅಬಚೂರಿನ ಪೋಸ್ಟಾಫೀಸು, ತಬರನ ಕಥೆ, ಕುಬಿ ಮತ್ತು ಇಯಾಲ, ಕೊನೇಗೆ 2023ರಲ್ಲಿ ಡೇರ್‌ಡೆವಿಲ್ ಮುಸ್ತಾಫಾ. ಒಂದು ಪುಸ್ತಕ ಕೊಂಡ್ರೆ ನಾಕು ತಿಂಗಳ ಜಗಳ ಫ್ರೀ.

ತಬರನ ದಿನ ಒಂದು ಚೀಟೀಲಿತ್ತು: "ಓದುವಾಗ ತಬರನಿಗೆ ನಮ್ಮ ಮಾವನ ಮುಖ ಇತ್ತು, ಚಾರುಹಾಸನ್ ಬಂದು ಕಿತ್ಕೊಂಡ್ರು."

"ಅವ್ರಿಗೆ ತಬರನ ಪಾತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂದಿದ್ದು ಕಣ್ರೀ" ಅಂತ ಒಬ್ಬ ಹಾರಿಬಿದ್ದ. ಅಷ್ಟಕ್ಕೇ ಮೇಷ್ಟ್ರು, "ಪ್ರಶಸ್ತಿ ಬಂದ್ರೆ ನಮ್ಮಾವನ ಮುಖ ವಾಪಸ್ ಬರುತ್ತೇನಯ್ಯಾ?" ಅಂದು ತಾವೇ ಸಿಕ್ಕಿಬಿದ್ರು. ಒಂದೂವರೆ ಗಂಟೆ ಹಿಡೀತು ಆ ಜಗಳ, ಹೊರಗೆ ಮಳೆ ನಿಂತಿದ್ದೂ ಗೊತ್ತಾಗ್ಲಿಲ್ಲ.

ಮಧ್ಯ ಹಾಸನದ ಗೆಳೆಯರ ಜೊತೆ ಇನ್ನೊಂದು ಪ್ರಯೋಗ ಮಾಡ್ದೆ, ಭೈರಪ್ಪನವರ 'ವಂಶವೃಕ್ಷ'. ಅರ್ಧ ಜನಕ್ಕೆ ಮೊದಲು ಕಾದಂಬರಿ, ಅರ್ಧ ಜನಕ್ಕೆ ಮೊದಲು ಬಿ.ವಿ. ಕಾರಂತ-ಗಿರೀಶ ಕಾರ್ನಾಡರ ಸಿನಿಮಾ. ಸಿನಿಮಾ ನೋಡಿದ ಏಳೆಂಟು ಜನದಲ್ಲಿ ಆಮೇಲೆ ಪುಸ್ತಕ ತೆಗ್ದಿದ್ದು ಇಬ್ರೇ ಅಂತ ನೆನಪು. ಫೇಲು. ಓದು ಮೊದ್ಲು, ಅಷ್ಟೇ.

ಚೀಟಿ ಎತ್ತೋ ಸರದೀಲಿ ನಂದೊಂದು ಕಳ್ಳ ಲೆಕ್ಕ ಇದೆ, ಅದನ್ನ ಇಲ್ಲಿ ಹೇಳಲ್ಲ. ಈಗ ಹದಿನೈದು-ಹದಿನಾರು ಜನ ಖಾಯಂ. ಖರ್ಚು ಮಂಡಕ್ಕಿ, ಬೋಂಡಕ್ಕೆ 300 ದಾಟಲ್ಲ, ಕಾಫಿಪುಡಿ ಹೆಂಗಿದ್ರೂ ನಮ್ಮ ತೋಟದ್ದೇ.