ಡೀಸೆಲ್ ವೆಲ್ಡಿಂಗ್ ಸೆಟ್: ಯಾವ ಸ್ವಿಚ್ಚು ಯಾವಾಗ?

ಸಿಂಧನೂರು, ಕಾರಟಗಿ, ಸಿರುಗುಪ್ಪದ ಕಡೆ ಭತ್ತದ ಕೊಯ್ಲು ಶುರುವಾದರೆ ವೆಲ್ಡಿಂಗ್ ಅಂಗಡಿಯವರಿಗೆ ಬಿಡುವಿಲ್ಲ. ಗದ್ದೆ ನಡುವೆ ಹಾರ್ವೆಸ್ಟರ್ ಮುರಿದು ನಿಂತರೆ ಅದನ್ನು ಊರಿಗೆ ಎಳೆದು ತರೋಕೆ ಆಗಲ್ಲ, ಅಲ್ಲಿ ಕರೆಂಟೂ ಇರಲ್ಲ. ಆಗ ಟ್ರಾಲಿ ಮೇಲೆ ಹೋಗುವುದು ಡೀಸೆಲ್ ಎಂಜಿನ್ನಿನ ವೆಲ್ಡಿಂಗ್ ಸೆಟ್. ಸಂಡೂರಿನ ಗಣಿಗಳಲ್ಲಿ, ತೋರಣಗಲ್ಲಿನ ಸುತ್ತ ನಡೆಯುವ ಕಟ್ಟಡ ಕೆಲಸಗಳಲ್ಲಿ, ಪೈಪ್‌ಲೈನ್ ಹಾಕುವ ಕಡೆಯೂ ಇದು ಬೇಕು.

ಈ ಸೆಟ್ಟಿನ ಪ್ಯಾನೆಲ್ ನೋಡಿ ಹೊಸ ಹುಡುಗರು ಗಾಬರಿಯಾಗುತ್ತಾರೆ. ಒಂದು ಮಾತು ತಿಳಿದರೆ ಅರ್ಧ ಗಾಬರಿ ಹೋಗುತ್ತದೆ: ಎಂಜಿನ್ ವೇಗದ ಕೆಲಸ ಬೇರೆ, ವೆಲ್ಡಿಂಗ್ ಕರೆಂಟಿನ ಕೆಲಸ ಬೇರೆ. ಕರೆಂಟ್ ಕಮ್ಮಿ ಅನ್ನಿಸಿದ ಕೂಡಲೇ ಆಕ್ಸಿಲರೇಟರ್ ಎಳೆಯುವುದು ತಪ್ಪು. ಎಂಜಿನ್ ಎಷ್ಟು ಸುತ್ತಬೇಕು ಅನ್ನುವುದನ್ನು ಗವರ್ನರ್ ನೋಡಿಕೊಳ್ಳುತ್ತದೆ. 50 ಹರ್ಟ್ಸ್ ಕರೆಂಟ್ ಕೊಡುವ ನಾಲ್ಕು ಪೋಲಿನ (ಅಯಸ್ಕಾಂತದ ಧ್ರುವಗಳ) ಜನರೇಟರ್ ನಿಮಿಷಕ್ಕೆ 1500 ಸುತ್ತು ಸುತ್ತಬೇಕು, ಎರಡು ಪೋಲಿನದು 3000. ಲೋಡ್ ಇಲ್ಲದಾಗ ಇದಕ್ಕಿಂತ ಸ್ವಲ್ಪ ಜಾಸ್ತಿ ಇರುವುದು ಸಹಜ. ಆ ಸೆಟ್ಟಿಂಗ್ ಕೆದಕಬೇಡಿ. ಆಂಪ್ಸ್ ಬೇಕಾದರೆ ಅದಕ್ಕೆ ಬೇರೆ ನಾಬ್ ಇದೆ.

ಸ್ಟಾರ್ಟ್ ಮಾಡುವ ಮೊದಲು

ಸೆಟ್ಟನ್ನು ಸಮತಟ್ಟಾದ ಜಾಗದಲ್ಲಿ, ಬಯಲಿನಲ್ಲೇ ನಿಲ್ಲಿಸಿ. ರೈಸ್ ಮಿಲ್ಲಿನ ಗೋದಾಮಿನ ಒಳಗೆ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಅದು ಜೀವ ತೆಗೆಯುತ್ತದೆ. ಆಯಿಲ್, ಕೂಲೆಂಟ್, ಡೀಸೆಲ್ ನೋಡಿ. ನಮ್ಮ ಕಡೆ ಇನ್ನೂ ಒಂದು ಮುಖ್ಯ: ಏರ್ ಫಿಲ್ಟರ್. ಗಣಿಯ ಕೆಂಪು ಧೂಳು, ಭತ್ತದ ಹೊಟ್ಟು ಎರಡೂ ಅದನ್ನು ಬೇಗ ಮುಚ್ಚಿಬಿಡುತ್ತವೆ. ಮೇ ತಿಂಗಳ ರಾಯಚೂರು ಬಿಸಿಲಲ್ಲಿ ರೇಡಿಯೇಟರ್ ಜಾಲರಿಗೂ ಹೊಟ್ಟು ಮೆತ್ತಿಕೊಂಡರೆ ಎಂಜಿನ್ ಕುದಿಯುತ್ತದೆ.

ರಾಡ್ ಹಿಡಿಯುವ ಹೋಲ್ಡರ್ ಯಾವ ಕಬ್ಬಿಣಕ್ಕೂ ತಾಗದಂತೆ ಇಡಿ. ಗ್ರೈಂಡರ್ ಪ್ಲಗ್ ತೆಗೆದಿರಿ. ಐಡಲ್ ಸ್ವಿಚ್ (ಕೆಲಸವಿಲ್ಲದಾಗ ಎಂಜಿನ್ ವೇಗ ಇಳಿಸುವುದು) ಎಲ್ಲಿರಬೇಕು ಅನ್ನುವುದನ್ನು ನಿಮ್ಮ ಸೆಟ್ಟಿನ ಪುಸ್ತಕದಲ್ಲಿ ನೋಡಿಕೊಳ್ಳಿ. ಎಂಜಿನ್ನನ್ನು ಒಳಗಿನಿಂದ ಬಿಸಿ ಮಾಡುವ ಗ್ಲೋ ಪ್ಲಗ್ ಇದ್ದರೆ ಬೆಳಗಿನ ಚಳಿಯಲ್ಲಿ ಪುಸ್ತಕ ಹೇಳಿದಷ್ಟು ಹೊತ್ತು ಬಿಸಿ ಮಾಡಿ, ಆಮೇಲೆ ಸ್ಟಾರ್ಟ್ ಕೊಡಿ. 10-15 ಸೆಕೆಂಡಿನಲ್ಲಿ ಎದ್ದೇಳದಿದ್ದರೆ ಬಿಡಿ. ಒಂದು ನಿಮಿಷ ತಡೆದು ಮತ್ತೆ ಕೊಡಿ, ಇಲ್ಲದಿದ್ದರೆ ಸ್ಟಾರ್ಟರ್ ಸುಡುತ್ತದೆ. ಎದ್ದ ಮೇಲೆ ಆಯಿಲ್ ಪ್ರೆಶರ್ ದೀಪ ಕೂಡಲೇ ಆರಬೇಕು. ಆರಲಿಲ್ಲವೆಂದರೆ ತಕ್ಷಣ ನಿಲ್ಲಿಸಿ. ಎಂಜಿನ್ನಿಗೆ ಮೈ ಬಿಸಿಯಾಗಲು ಕೆಲವು ನಿಮಿಷ ಬಿಟ್ಟು ಕೆಲಸಕ್ಕೆ ಇಳಿಯಿರಿ.

ರಾಡ್ ನೋಡಿ ಸ್ವಿಚ್ ಇಡಿ

ಇಲ್ಲಿಂದ ಮುಂದಿನ ಕ್ರಮವನ್ನು ಬದಲಿಸಬೇಡಿ.

ಮೊದಲು ಪ್ರಾಸೆಸ್ ಸ್ವಿಚ್. ರಾಡ್ ವೆಲ್ಡಿಂಗ್‌ಗೆ ಸಿಸಿ (ಕರೆಂಟ್ ಒಂದೇ ಮಟ್ಟ), ವೈರ್ ಹಾಕುವುದಾದರೆ ಸಿವಿ (ವೋಲ್ಟೇಜ್ ಒಂದೇ ಮಟ್ಟ). ಆಮೇಲೆ ಪೋಲಾರಿಟಿ, ಅಂದರೆ ಹೋಲ್ಡರ್ ಪ್ಲಸ್‌ಗೋ ಮೈನಸ್‌ಗೋ ಅನ್ನುವುದು. 7018 ನಂಬರಿನ ರಾಡನ್ನು ಸಾಮಾನ್ಯವಾಗಿ ಹೋಲ್ಡರ್ ಪ್ಲಸ್‌ಗೆ ಕೊಟ್ಟು ಓಡಿಸುತ್ತಾರೆ. ಅಂಗಡಿಗಳಲ್ಲಿ ಸಿಗುವ ಸಾದಾ 6013 ರಾಡ್ ಎರಡೂ ಕಡೆ ಓಡುತ್ತದೆ. ತೆಳು ತಗಡಾದರೆ ಹೋಲ್ಡರನ್ನು ಮೈನಸ್‌ಗೆ ಕೊಡಿ, ತೂತು ಬೀಳುವುದು ಕಮ್ಮಿಯಾಗುತ್ತದೆ.

ಮೂರನೆಯದು ರೇಂಜ್ ಸ್ವಿಚ್, ಕೊನೆಗೆ ಸಣ್ಣ ನಾಬ್. ರೇಂಜ್ ಸ್ವಿಚ್ಚಿನಿಂದ ದೊಡ್ಡ ಮಟ್ಟ ಹಿಡಿದು, ಆ ನಾಬಿನಿಂದ ಸೂಕ್ಷ್ಮವಾಗಿ ಸರಿಮಾಡಬೇಕು. ನಾಬ್ ನಡುವಿನ ಹತ್ತಿರ ಬರುವಂಥ ರೇಂಜ್ ಆರಿಸಿದರೆ ಎರಡೂ ಕಡೆ ಜಾಗ ಉಳಿಯುತ್ತದೆ. 2.5 ಮಿ.ಮೀ. ರಾಡಿಗೆ ಸುಮಾರು 60-90 ಆಂಪ್ಸ್, 3.15ಕ್ಕೆ 90-130, 4 ಮಿ.ಮೀ.ಗೆ 140-180 ಇಟ್ಟುಕೊಳ್ಳಿ. ರಾಡ್ ಪ್ಯಾಕೆಟ್ ಮೇಲಿನ ಲೆಕ್ಕವೇ ಕೊನೆಯ ಮಾತು. ರಾಡ್ ಅಂಟಿಕೊಳ್ಳುತ್ತಿದ್ದರೆ ಸ್ವಲ್ಪ ಏರಿಸಿ. ಕಿಡಿ ಜಾಸ್ತಿ ಹಾರಿ ರಾಡ್ ಕೆಂಪಗಾದರೆ ಇಳಿಸಿ.

ಸಾಮಾನ್ಯವಾಗಿ ಕೆಲಸದ ನಡುವೆ ತಿರುಗಿಸಬಹುದಾದದ್ದು ಈ ಸಣ್ಣ ನಾಬ್ ಒಂದೇ. ರೇಂಜ್ ಸ್ವಿಚ್, ಪೋಲಾರಿಟಿ ಸ್ವಿಚ್ ಮುಟ್ಟುವುದಿದ್ದರೆ ವೆಲ್ಡಿಂಗ್ ನಿಲ್ಲಿಸಿ. ಆರ್ಕ್ ಉರಿಯುವಾಗ ಅವನ್ನು ತಿರುಗಿಸಿದರೆ ಸ್ವಿಚ್ಚಿನ ಒಳಗೂ ಆರ್ಕ್ ಹೊಡೆದು ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ. ಇನ್ನೊಂದು ಸಣ್ಣ ಕಿರಿಕಿರಿ: ಪ್ಯಾನೆಲ್/ರಿಮೋಟ್ ಸ್ವಿಚ್ ರಿಮೋಟ್‌ನಲ್ಲಿ ಉಳಿದಿದ್ದರೆ ಪ್ಯಾನೆಲ್ ನಾಬ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಸೆಟ್ ಕೆಟ್ಟಿತು ಅಂತ ಬಿಚ್ಚುವ ಮುಂಚೆ ಅದನ್ನು ನೋಡಿ.

ಐಡಲ್ ಸ್ವಿಚ್

ಆಟೋದಲ್ಲಿಟ್ಟರೆ ರಾಡ್ ಮುಟ್ಟಿಸಿದ ಕೂಡಲೇ ಎಂಜಿನ್ ಪೂರ್ತಿ ವೇಗಕ್ಕೆ ಏರುತ್ತದೆ. ನಿಲ್ಲಿಸಿ ಕೆಲವು ಸೆಕೆಂಡ್ ಆದ ಮೇಲೆ ತಾನೇ ಇಳಿಯುತ್ತದೆ. ಡೀಸೆಲ್ ಉಳಿಯುತ್ತದೆ. ಆದರೆ 230 ವೋಲ್ಟಿನ ಸಾಕೆಟ್‌ಗೆ ಗ್ರೈಂಡರ್ ಹಾಕುವಾಗ ಹೈನಲ್ಲಿಡಿ. ಸಣ್ಣ ಬಲ್ಬಿನಂಥ ಕಡಿಮೆ ಲೋಡನ್ನು ಆಟೋ ಗುರುತಿಸದೇ ಇರಬಹುದು, ಎಂಜಿನ್ ಐಡಲ್‌ನಲ್ಲೇ ಉಳಿದರೆ ವೋಲ್ಟೇಜ್, ಹರ್ಟ್ಸ್ ಎರಡೂ ಕಮ್ಮಿ ಇರುತ್ತವೆ. ಇದೇ ಸಾಕೆಟ್ಟಿನಿಂದ ಮನೆಯ ವೈರಿಂಗ್‌ಗೆ ನೇರವಾಗಿ ಕರೆಂಟ್ ಕೊಡಬೇಡಿ. ಚೇಂಜ್‌ಓವರ್ (ಮನೆಯನ್ನು ಲೈನಿನಿಂದ ಬೇರ್ಪಡಿಸುವ ಸ್ವಿಚ್) ಇಲ್ಲದೆ ಕೊಟ್ಟರೆ ಅದು ವಾಪಸ್ ಲೈನಿಗೆ ಹೋಗುತ್ತದೆ, ಕಂಬದ ಮೇಲಿರುವ ಲೈನ್‌ಮನ್ ಸಾಯುತ್ತಾನೆ.

ಹಾರ್ವೆಸ್ಟರ್ ಮೇಲೆ ಕೆಲಸ

ಸ್ವಿಚ್ಚುಗಳೆಲ್ಲ ಸರಿ ಇದ್ದರೂ ಇಲ್ಲಿ ಹಾನಿಯಾಗುವುದು ಅರ್ಥ್ ಕ್ಲ್ಯಾಂಪಿನಿಂದ, ಅಂದರೆ ಕರೆಂಟ್ ವಾಪಸ್ ಬರುವ ಕೇಬಲ್ಲಿನ ಹಿಡಿಕೆಯಿಂದ. ಅದನ್ನು ವೆಲ್ಡ್ ಮಾಡುವ ಜಾಗದ ಹತ್ತಿರವೇ, ಬಣ್ಣ ಕೆರೆದ ಲೋಹಕ್ಕೆ ಹಾಕಿ. ದೂರದಲ್ಲೆಲ್ಲೋ ಹಾಕಿದರೆ ಕರೆಂಟ್ ಬೇರಿಂಗ್ ದಾಟಿ ಹೋಗಿ ಅದನ್ನು ಹಾಳುಮಾಡುತ್ತದೆ. ಹಾರ್ವೆಸ್ಟರಿನ ಬ್ಯಾಟರಿ ಕೇಬಲ್ ಬಿಚ್ಚಿ, ಆಲ್ಟರ್ನೇಟರ್, ಎಲೆಕ್ಟ್ರಾನಿಕ್ ಕಂಟ್ರೋಲ್ ಕನೆಕ್ಷನ್ನುಗಳನ್ನೂ ತೆಗೆಯಿರಿ. ಒಣ ಹುಲ್ಲು, ಹೊಟ್ಟನ್ನು ಸುತ್ತಲಿಂದ ಗುಡಿಸಿ, ನೀರು ತುಂಬಿದ ಕೊಡಗಳನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಡೀಸೆಲ್ ಟ್ಯಾಂಕ್ ಪಕ್ಕ ಕಿಡಿ ಬೀಳಬಾರದು. ಹೆಲ್ಮೆಟ್ಟಿನ ಗ್ಲಾಸ್ 10 ಅಥವಾ 11 ಶೇಡಿನದು ಇರಲಿ. ಕೇಬಲ್ ಸುರುಳಿ ಬಿಚ್ಚಿ ಹಾಸಿ.

ನೇಮ್‌ಪ್ಲೇಟ್ ಮೇಲೆ 60 ಪರ್ಸೆಂಟ್ ಡ್ಯೂಟಿ ಸೈಕಲ್ ಅಂತ ಇದ್ದರೆ, ಅಲ್ಲಿ ಬರೆದ ಆಂಪ್ಸಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಮಾತ್ರ ವೆಲ್ಡ್ ಮಾಡಿ. ಉಳಿದ 4 ನಿಮಿಷ ಎಂಜಿನ್ ಓಡುತ್ತಲೇ ಇರಲಿ, ಒಳಗಿನ ಬಿಸಿ ಇಳಿಯಬೇಕು. ಬೇಸಿಗೆ ಮಧ್ಯಾಹ್ನಗಳಲ್ಲಿ ಈ ಲೆಕ್ಕ ಮೀರಬೇಡಿ.

ಕೆಲಸ ಮುಗಿದ ಮೇಲೆ ರಾಡ್ ತೆಗೆದು, ಸಾಕೆಟ್ ಲೋಡ್‌ಗಳನ್ನೆಲ್ಲ ಬಿಡಿಸಿ, ಎಂಜಿನ್ನನ್ನು ಐಡಲ್‌ನಲ್ಲಿ ಕೆಲವು ನಿಮಿಷ ಬಿಟ್ಟು ಆಫ್ ಮಾಡಿ. ಡೀಸೆಲ್ ತುಂಬುವುದು ಎಂಜಿನ್ ಆರಿ ತಣ್ಣಗಾದ ಮೇಲೆ. ಅವರ್ ಮೀಟರಿನ ಸಂಖ್ಯೆಯನ್ನು ಟ್ರಾಲಿ ಬಾಗಿಲ ಮೇಲೆ ಚಾಕ್‌ಪೀಸಿನಲ್ಲಾದರೂ ಬರೆದಿಡಿ. ಮುಂದಿನ ಆಯಿಲ್ ಬದಲಾವಣೆ ಆ ಲೆಕ್ಕದಲ್ಲೇ ಬರುತ್ತದೆ.